ಮೇಲಿನ ಕೊಂಬೆಯ ಉಪ್ಪಾಗೆ

ಅಳಿವಿನಂಚಿನ ಸಿಂಗಳೀಕಗಳನ್ನು ಎಣಿಸುವ ಕೆಲಸದ ಮೇಲೆ ಹೊಸನಗರದ ಕಡೆಯ ಘಟ್ಟದ ಕಾಡಿಗೆ ಹೋಗಿದ್ದೆ. ಅಲ್ಲಿ ಹುಳಿಗೆ ಹಾಕುವ ಉಪ್ಪಾಗೆ ಹಣ್ಣು ಕೊಯ್ಯುತ್ತಿದ್ದ ನಾಗಪ್ಪನವರು ಸಿಕ್ಕರು. ಅವರು ನನ್ನ ಮುಖ ನೋಡಲಿಲ್ಲ, ಕೈಲಿದ್ದ ಫಾರಂ ನೋಡಿದರು.

"ಸಿಂಗಳೀಕನಾ? ಈ ಕಾಡಲ್ಲಿ ಇಲ್ಲ ಬಿಡಿ."

"ಒಂದೂ ಕಂಡಿಲ್ವಾ?"

"ಕಂಡ್ವಿ ಅಂದ್ರೆ ನೀವು ಬರ್ಕೊಳ್ತೀರಿ. ಆಮೇಲೆ ಗೇಟು ಹಾಕಿ ನಮ್ಮನ್ನೇ ಒಳಗೆ ಬಿಡಲ್ಲ."

ನಾನು ಅವರ ಮಾತು ನಂಬಲಿಲ್ಲ. ಅವರು ನನ್ನನ್ನೇ ನಂಬಿರಲಿಲ್ಲ. ಆದರೆ ಕೆಳಗಿನ ಹಣ್ಣನ್ನೆಲ್ಲ ದೋಟಿಯಲ್ಲಿ ಇಳಿಸಿದವರು ಮೇಲಿನ ಕೊಂಬೆಗಳನ್ನು ಮುಟ್ಟಿರಲಿಲ್ಲ. ಮರದ ಬುಡದಲ್ಲಿ ಯಾರೋ ಬೀಜ ಚೀಪಿ ಎಸೆದ ಸಿಪ್ಪೆಗಳು ಬಿದ್ದಿದ್ದವು.

"ಮೇಲಿನ ಹಣ್ಣು ಯಾರಿಗೆ?"

"ಅದನ್ನ ನಮ್ಮಜ್ಜನ ಕಾಲದಿಂದ್ಲೂ ಬಿಡ್ತೀವಿ" ಎಂದರು. ಯಾರಿಗೆ ಅಂತ ಹೇಳಲಿಲ್ಲ.

ಅವರು ಹೇಳಿದಂತೆಯೇ 'ಕಂಡಿಲ್ಲ' ಎಂದು ಬರೆದೆ. ಹಾಳೆ ಇಸಿದುಕೊಂಡು ಎರಡು ಸಲ ಓದಿದರು.

"ನಾಳೆ ಬೆಳಿಗ್ಗೆ ಬನ್ನಿ. ಈ ಹಾಳೆ, ಮೊಬೈಲು ಎರಡೂ ರೂಮಲ್ಲೇ ಬಿಟ್ಟು ಬನ್ನಿ."

ಹೋದೆ. ಎಷ್ಟು ಕಂಡೆ ಅಂತ ಇಲ್ಲೂ ಬರೆಯುವುದಿಲ್ಲ. ಅಂದ ಹಾಗೆ, ಅವರ ಹೆಸರು ನಾಗಪ್ಪ ಅಲ್ಲ.