ಮರಳಿನ ಚೀಲ ಮತ್ತು ಸ್ಪ್ರಿಂಗು

ಗದ್ವಾಲ್ ಸೀರೆಯ ಮೈ ಹತ್ತಿಯದು, ಅಂಚು ರೇಷ್ಮೆಯದು. ಮಗ್ಗದ ಮೇಲೆ ಎರಡೂ ಒಂದೇ ಬಿಗಿಯಲ್ಲಿ ನಿಲ್ಲುವುದಿಲ್ಲ. ಅಂಚಿನ ನೂಲು ಬೇಗ ಸಡಿಲವಾಗುತ್ತದೆ. ಅವ್ವ ಅದಕ್ಕೆಂದೇ ಹಳೇ ಸೀರೆಯ ಚೀಲ ಹೊಲಿದು, ಮರಳು ತುಂಬಿ, ಎರಡೂ ಅಂಚಿನ ನೂಲಿಗೆ ತೂಗುಬಿಡುತ್ತಿದ್ದಳು. ನೇಯ್ದಂತೆಲ್ಲ ಚೀಲ ಮೇಲೇರುತ್ತಿತ್ತು. ಮಗ್ಗದ ಗುಂಡಿಯಿಂದ ಎದ್ದು ಬಂದು ಮತ್ತೆ ಇಳಿಸಬೇಕು. ಎದ್ದು ಕೂತು, ಎದ್ದು ಕೂತು ಅವಳ ಮೊಣಕಾಲು ಹೋಯಿತು.

ಆ ಮೊಣಕಾಲಿಗಾಗಿ ಮಕ್ತಲ್‌ನ ನನ್ನ ವರ್ಕ್‌ಶಾಪಿನಲ್ಲಿ ಒಂದು ಚೌಕಟ್ಟು ಮಾಡಿದೆ. ಕೂತಲ್ಲಿಂದಲೇ ಪೆಡಲನ್ನು ಕಾಲಲ್ಲಿ ಒತ್ತಿದರೆ ಗಾಲಿ ತಿರುಗಿ ಚೀಲ ಕೆಳಗಿಳಿಯುತ್ತದೆ. ಅವ್ವನಿಗೆ ಹಿಡಿಸಿತು. ನಾರಾಯಣಪೇಟೆಯ ನೇಕಾರರಿಗೂ ಮಾರೋಣ ಎನ್ನಿಸಿದಾಗ ನನ್ನ ಬುದ್ಧಿ ಕೆಟ್ಟಿತು. ಮಾರುವ ವಸ್ತುವಿಗೆ ಹಳೇ ಸೀರೆಯ ಚೀಲವೇ? ಅದನ್ನು ಕಿತ್ತು ಹೊಳೆಯುವ ಸ್ಪ್ರಿಂಗು ಹಾಕಿದೆ.

"ಚೀಲ ಯಾಕ ತೆಗದಿ? ಚೊಲೊ ಜಗ್ಗತಿತ್ತಲ್ಲ" ಎಂದಳು ಅವ್ವ.

"ನಿನಗ ತಿಳಿಯಂಗಿಲ್ಲ, ಸುಮ್ನಿರು" ಎಂದುಬಿಟ್ಟೆ.

ನಲವತ್ತು ಚೌಕಟ್ಟು ಸಿದ್ಧವಾದ ಮೇಲೆ, ಬೇರೆಯವರ ಪೇಟೆಂಟ್ ಅಡ್ಡ ಬರುತ್ತದೋ ನೋಡಿಸೋಣವೆಂದು ಹೈದರಾಬಾದಿಗೆ ಹೋದೆ. ಮೊದಲೇ ಹೋಗಬೇಕಿತ್ತು. ಅಲ್ಲಿನ ವಕೀಲರು ರಾಯಚೂರಿನವರು. ಹುಡುಕಿ, ದೂರದೂರಿನ ಕಂಪನಿಯೊಂದರ ಪೇಟೆಂಟ್ ಮುಂದಿಟ್ಟರು.

"ಇದು ಇನ್ನೂ ಜಾರಿಯಾಗ ಐತ್ರಿ. ಗಾಲಿ, ಕಾಲಿನ ಪೆಡಲು, ಜಗ್ಗಾಕ ಸ್ಪ್ರಿಂಗು: ಮೂರೂ ಕೂಡಿದ್ರ ಅವರ ಹಕ್ಕು. ನಿಮ್ದರಾಗ ಮೂರೂ ಅದಾವ."

ನಲವತ್ತನ್ನೂ ಗುಜರಿಗೆ ಹಾಕುವುದೇ ಎಂದುಕೊಂಡೆ.

"ಸ್ಪ್ರಿಂಗ್ ಬದಲು ಮರಳಿನ ಚೀಲ ಇದ್ರ?" ಎಂದೆ.

ಅವರು ಕನ್ನಡಕ ಏರಿಸಿ ಪುಟಗಳನ್ನು ಮತ್ತೆ ಓದಿದರು. ಚೀಲ ಎಷ್ಟು ಕಾಲದಿಂದ ಬಳಕೆಯಲ್ಲಿದೆ ಎಂದು ಕೇಳಿದರು. ಅವ್ವ ಮಗ್ಗಕ್ಕೆ ಕೂತ ದಿನದಿಂದ, ನಾನೇ ಅದನ್ನು ಕಿತ್ತು ಸ್ಪ್ರಿಂಗು ಹಾಕಿದೆ ಎಂದೆ.

"ಹಂಗಾದ್ರ ಅವರ ಹಕ್ಕು ನಿಮಗ ತಾಗಂಗಿಲ್ರಿ. ಸ್ಪ್ರಿಂಗ್ ಇಲ್ಲಂದ್ರ ಮೂರೂ ಕೂಡಂಗಿಲ್ಲ, ಚೀಲ ಅವರ ಪೇಟೆಂಟಿಗಿಂತ ಹಳೇದು. ಇಷ್ಟು ಚೊಲೊ ಚೀಲ ಯಾಕ ತೆಗದ್ರಿ?"

ಬಸ್ಸಿಳಿದವನೇ ಗದ್ವಾಲ್‌ನ ಮನೆಗೆ ಓಡಿದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. ಖುಷಿಯಿಂದ ಎಲ್ಲ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಾ ಕೇಳಿದಾಗ ಸುಮ್ನಿರು ಅಂದಿ. ಅದನ್ನೇ ವಕೀಲ್ರು ಕೇಳಿದ್ರ ಓಡಿ ಬಂದಿ."

ಕೋಪದಿಂದ ಹೇಳಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ನನಗೆ ನಾಚಿಕೆಯಾಯಿತು. ಅವಳು ಎದ್ದು, ಮೊಣಕಾಲು ಹಿಡಿದುಕೊಂಡೇ ಹೋಗಿ, ಟ್ರಂಕಿನಿಂದ ಹಳೇ ಸೀರೆಗಳನ್ನು ತೆಗೆದಳು.

"ಎಂಬತ್ತು ಚೀಲ ಬೇಕು" ಎಂದು ಸೂಜಿಯನ್ನು ನನ್ನ ಕೈಗೆ ಕೊಟ್ಟಳು.