ಏಮಸ್ ಟಾಂಕ್ಸ್ ಕೋವಿಗೆ ಬೆಲೆ ಹೇಳಿದ್ದು

ಬರ್ಮಿಂಗ್‌ಹ್ಯಾಮಿನ ಲವ್‌ಡೇ ಬೀದಿಯಲ್ಲಿ ಏಮಸ್ ಟಾಂಕ್ಸನ ಮೇಲೆ ಇದ್ದದ್ದು ಒಂದೇ ದೂರು. ಕಾಲು ಮುರಿದ ಕುರ್ಚಿಯನ್ನು ಅವನ ಕೈಗೆ ಕೊಟ್ಟರೆ ಎರಡೇ ದಿನದಲ್ಲಿ ಗಟ್ಟಿಮುಟ್ಟಾಗಿ ವಾಪಸು ಬರುತ್ತಿತ್ತು. ಎಷ್ಟಾಯಿತು ಎಂದು ಕೇಳಿದರೆ ಮಾತ್ರ ಅವನು ತಲೆಯ ಮೇಲಿನ ಟೋಪಿ ತೆಗೆದು, ಉತ್ತರ ಅದರೊಳಗೆ ಬರೆದಿದೆಯೇನೋ ಎಂಬಂತೆ ಇಣುಕಿ ನೋಡುತ್ತಾ ನಿಂತುಬಿಡುತ್ತಿದ್ದ.

“ನಮ್ ಏಮಸ್‌ಗೆ ಬೆಲೆ ಕೇಳೋ ಬದಲು ಹೋಗಿ ಹಲ್ಲು ಕೀಳಿಸ್ಕೊಂಡು ಬರಬಹುದು, ಅದು ಬೇಗ ಮುಗಿಯುತ್ತೆ” ಎನ್ನುತ್ತಿದ್ದಳು ಮೂಲೆಮನೆಯ ಮುದುಕಿ.

“ಇಂಥವನನ್ನ ಕಟ್ಕೊಂಡು ಫ್ಲೋರಿ ಅದು ಹೆಂಗೆ ಒಲೆ ಹಚ್ತಾಳೋ” ಎನ್ನುವಳು ಪಕ್ಕದವಳು.

ಅವನು ಹಾಗಾಗಿದ್ದಕ್ಕೆ ಕಾರಣವಿತ್ತು. ಆ ಬೀದಿಯಲ್ಲಿ ಬೇಟೆಯ ಕೋವಿ ಒಂದೇ ಮನೆಯಲ್ಲಿ ಹುಟ್ಟುತ್ತಿರಲಿಲ್ಲ. ನಳಿಗೆ ಕೊರೆಯುವವನು ಒಬ್ಬ. ತೋಟಾವನ್ನು ನಳಿಗೆಯೊಳಕ್ಕೆ ದೂಡುವ ಬೋಲ್ಟು ಬೆಣ್ಣೆಯೊಳಗಿನ ಕೂದಲಿನ ಹಾಗೆ ಹಿಂದೆ ಮುಂದೆ ಓಡಬೇಕೆಂದು ವಾರಗಟ್ಟಲೆ ಅರ ಹಾಕುವವನು ಇನ್ನೊಬ್ಬ. ಉಕ್ಕಿನ ಮೇಲೆ ಎಲೆಬಳ್ಳಿ ಕೆತ್ತುವವನು ಎದುರುಮನೆಯ ಗ್ರೆಟನ್. ಏಮಸನದು ಮರದ ಕೆಲಸ. ಆಕ್ರೋಟಿನ ದಿಮ್ಮಿಯನ್ನು ಕೆತ್ತಿ, ಉಕ್ಕು ಅದರೊಳಗೆ ಕೂರುವಂತೆ ಗೂಡು ಮಾಡುವುದು. ಸೀಮೆಎಣ್ಣೆ ದೀಪದ ಹೊಗೆಯಲ್ಲಿ ಉಕ್ಕಿಗೆ ಮಸಿ ಹಿಡಿಸಿ ಮರಕ್ಕೆ ಒತ್ತುವನು. ಮಸಿ ಹತ್ತಿದ ಕಡೆ ಉಳಿಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಗೆಯುವನು. ಮತ್ತೆ ಮಸಿ, ಮತ್ತೆ ಒತ್ತು. ಇಡೀ ಗೂಡಿಗೆ ಒಂದೇ ಸಮನಾಗಿ ಮಸಿ ಹತ್ತಿದ ದಿನ ಅವನು ಒಂದು ಪೈಪು ಹೊಗೆಸೊಪ್ಪು ಸೇದುತ್ತಿದ್ದ. ಆಮೇಲೆ ದೊಡ್ಡ ಅಂಗಡಿಯವರು ಬಂದು ಕೋವಿ ಒಯ್ಯುವರು, ನಳಿಗೆಯ ಮೇಲೆ ತಮ್ಮ ಹೆಸರು ಕೆತ್ತಿಸುವರು, ತಮಗೆ ತೋಚಿದ ಬೆಲೆಗೆ ಮಾರುವರು. ಶನಿವಾರ ಏಮಸನ ಕೈಗೆ ಕೂಲಿಯ ಲಕೋಟೆ ಬರುತ್ತಿತ್ತು. ಅದರಲ್ಲಿ ಎಷ್ಟಿರಬೇಕೆಂದು ಅವನನ್ನಾಗಲಿ ಅವನ ಅಪ್ಪನನ್ನಾಗಲಿ ಯಾರೂ ಕೇಳಿದವರಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಎರಡು ಏಟು ಒಟ್ಟಿಗೆ ಬಿದ್ದವು. ದೊಡ್ಡ ಅಂಗಡಿ ಬಾಗಿಲು ಹಾಕಿತು. ಅದೇ ತಿಂಗಳು, ಹೊಸ ವರ್ತುಲ ರಸ್ತೆಗಾಗಿ ಬೀದಿಯ ಮನೆಗಳನ್ನೆಲ್ಲ ಕೆಡವುತ್ತೇವೆ, ಬರುವ ಮಾರ್ಚ್ ಕೊನೆಗೆ ಖಾಲಿ ಮಾಡಿ ಎಂದು ನಗರಸಭೆಯ ಕಾಗದ ಬಂತು. ಕಸುಬಿನವರಿಗೆಂದು ಒಂದು ಮೈಲಿ ಆಚೆ ಹೊಸ ಕಟ್ಟಡ ಕಟ್ಟಿದ್ದರು. ಕೋಣೆ ಬೇಕಾದವರು ಫೆಬ್ರವರಿ ಕೊನೆಯ ಶುಕ್ರವಾರದೊಳಗೆ ಮೂರು ತಿಂಗಳ ಬಾಡಿಗೆ ಕಟ್ಟಿ ರುಜು ಹಾಕಬೇಕು. ಇಲ್ಲದಿದ್ದರೆ ಫ್ಲೋರಿಯ ಅಣ್ಣ ಹುಡುಕಿಟ್ಟಿದ್ದ ಕೆಲಸವಿತ್ತು, ಕಾರು ಕಾರ್ಖಾನೆಯ ಉಗ್ರಾಣದಲ್ಲಿ. ಐವತ್ತೆಂಟು ವರ್ಷದ ಏಮಸ್ ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡುವನು, ಮರುದಿನ ಬಿಚ್ಚಿ ಮಸೆಯುವನು. ಕೆಲಸವಿಲ್ಲದೆ ಕೋಣೆ ಹಿಡಿದು ಮಾಡುವುದೇನು?

ಅಕ್ಟೋಬರಿನಲ್ಲಿ ಮೋರಾಗ್ ಮಥೆಸನ್ ಬಂದಳು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಿಂಕೆಗಳ ಲೆಕ್ಕ ನೋಡಿಕೊಂಡು, ಹೆಚ್ಚಾದವನ್ನು ಹೊಡೆಯುವುದು ಅವಳ ಕೆಲಸ. ಮೊದಲು ಅವಳ ಅಪ್ಪ ಮಾಡುತ್ತಿದ್ದ, ಅವನು ತೀರಿಕೊಂಡ ಮೇಲೆ ಇವಳು. ಕಂಬಳಿಯಲ್ಲಿ ಸುತ್ತಿ ತಂದಿದ್ದ ಅಪ್ಪನ ಕೋವಿಯನ್ನು ಏಮಸನ ಬೆಂಚಿನ ಮೇಲೆ ಬಿಚ್ಚಿದಳು. ಹಿಡಿಯ ಹತ್ತಿರ ಮರ ಸೀಳಿತ್ತು.

“ನಳಿಗೆ ಬಿಚ್ಚಿ ನೋಡಿದ್ರೆ ಒಳಗೆ ಮರದ ಮೇಲೆ ಎರಡಕ್ಷರ ಇತ್ತು. ಯಾರದು ಅಂತ ಕೇಳ್ಕೊಂಡು ಮೂರು ಹೆಂಡದಂಗಡಿ ಸುತ್ತಿದೆ. ನೀವೇನಾ?”

“ನಾನೇ. ಬಿಡಿ, ಸರಿ ಮಾಡಿಕೊಡ್ತೀನಿ.”

“ಸರಿ ಮಾಡೋದು ಬೇಡ, ಮಿಸ್ಟರ್ ಟಾಂಕ್ಸ್. ನಮ್ಮಪ್ಪನ ತೋಳು ಉದ್ದ. ಇದನ್ನ ಹೆಗಲಿಗಿಟ್ರೆ ನಾನು ಕೋಳಿ ಥರ ಕತ್ತು ಚಾಚಬೇಕು. ಹನ್ನೊಂದು ವರ್ಷ ಚಾಚಿದೀನಿ. ನನಗೆ ನನ್ನ ಅಳತೆಯದೊಂದು ಬೇಕು. ಪೂರ್ತಿ ಕೋವಿ. ಎಷ್ಟಾಗುತ್ತೆ?”

ಏಮಸ್ ಟೋಪಿ ತೆಗೆದ. ಒಳಗೆ ನೋಡಿದ. “ಬರೆದು ಕಳಿಸ್ತೀನಿ” ಎಂದ.

ಒಂದು ವಾರ ಅವನು ಬೀದಿಯ ಮನೆಮನೆಗೂ ಹೋಗಿ ಅವರವರ ಕೆಲಸದ ದರ ಕೇಳಿಕೊಂಡು ಬಂದು, ಮರಳುಕಾಗದದ ಬೆನ್ನಿಗೆ ಸೀಸದಕಡ್ಡಿಯಲ್ಲಿ ಬರೆದ. ಕೂಡಿಸಿದರೆ ಎಪ್ಪತ್ತೆಂಟು ಪೌಂಡ್. ಅಷ್ಟೆಂದು ಕಾಗದ ಹಾಕಿದ. ಆಗಬಹುದು ಎಂದು ಮೋರಾಗ್‌ಳ ಉತ್ತರ ಬಂತು, ಜೊತೆಗೆ ಮುಂಗಡದ ಚೆಕ್ಕು. ಏಮಸ್ ಅಟ್ಟದಿಂದ ಒಂಬತ್ತು ವರ್ಷ ಒಣಗಿದ್ದ ಆಕ್ರೋಟಿನ ದಿಮ್ಮಿ ಇಳಿಸಿ ಕೆಲಸ ಹಿಡಿದ.

ನವೆಂಬರಿನ ಒಂದು ಮಧ್ಯಾಹ್ನ ಬಾಣಲೆಯ ತುಕ್ಕು ಉಜ್ಜಲೆಂದು ಫ್ಲೋರಿ ಬೆಂಚಿನ ಮೇಲಿದ್ದ ಮರಳುಕಾಗದ ಎತ್ತಿಕೊಂಡಳು. ತಿರುಗಿಸಿದಳು. ಓದಿದಳು. ಮತ್ತೊಮ್ಮೆ ಓದಿದಳು.

“ಏಮಸ್, ಇದರಲ್ಲಿ ನೀನೆಲ್ಲಿದೀಯ?”

“ಎಲ್ಲಿ ಅಂದ್ರೆ?”

“ಗ್ರೆಟನ್ ಇದಾನೆ, ಏಳು ಪೌಂಡ್. ನಳಿಗೆಯೋನು ಇದಾನೆ. ಪರೀಕ್ಷೆ ಮಾಡಿ ಮುದ್ರೆ ಹಾಕೋರು ಇದಾರೆ. ಅಗಸೆ ಎಣ್ಣೆಗೆ ಎರಡು ಶಿಲ್ಲಿಂಗೂ ಇದೆ. ಆ ಮರ ಕೆತ್ತೋನು ಯಾರು? ಅದೇ ತಾನಾಗಿ ಸವೆಯುತ್ತಾ?”

ಏಮಸ್ ಉಳಿ ಕೆಳಗಿಟ್ಟ. ಕಾಗದ ಇಸಿದುಕೊಂಡು ಸಾಲುಸಾಲಾಗಿ ಬೆರಳಾಡಿಸಿದ. ಐದು ತಿಂಗಳ ಕೆಲಸಕ್ಕೆ ಅಲ್ಲಿ ಒಂದು ಸಾಲೂ ಇರಲಿಲ್ಲ. ಅವನ ಸಾಲನ್ನು ಬರೆಯುತ್ತಿದ್ದವರು ಯಾವಾಗಲೂ ಬೇರೆಯವರು. ಅದು ತಾನು ಬರೆಯಬೇಕಾದ್ದೆಂದು ಅವನಿಗೆ ಹೊಳೆದೇ ಇರಲಿಲ್ಲ.

“ಆಯಮ್ಮನಿಗೆ ಕಾಗದ ಬರಿ. ತಪ್ಪಾಯ್ತು ಅಂತ.”

“ಹೇಳಿಯಾಗಿದೆ, ಫ್ಲೋರಿ. ಅವಳು ಒಪ್ಪಿಯಾಗಿದೆ.”

“ನಲವತ್ತು ವರ್ಷಕ್ಕೆ ಒಂದ್ಸಲ ಬಾಯಿ ಬಿಟ್ಟೆ. ಆ ಒಂದ್ಸಲವಾದ್ರೂ...” ಎಂದು ಅವಳು ಬಾಣಲೆ ತೆಗೆದುಕೊಂಡು ಒಳಗೆ ಹೋದಳು.

ವಿಷಯ ಕೇಳಿ ಗ್ರೆಟನ್ ಕೆಮ್ಮು ಹತ್ತುವವರೆಗೆ ನಕ್ಕ. “ಲೋ ಏಮಸ್, ನೀನು ಆ ಉಗ್ರಾಣಕ್ಕೇ ಹೋಗು. ಅಲ್ಲಿ ಬೇರೆಯೋರ ಸಾಮಾನು ಎಣಿಸಿದ್ರೆ ಸಾಕು.” ಕಣ್ಣೊರೆಸಿಕೊಂಡ ಮೇಲೆ ಅವನ ದನಿ ಬೇರೆಯಾಯಿತು. “ಇನ್ನೊಬ್ಬರು ಯಾರಾದ್ರೂ ಕೇಳಿದ್ರೆ ಗಿನಿಯಲ್ಲಿ ಹೇಳು. ಅಂಗಡಿಯೋರು ಹಾಗೇ ಹೇಳೋದು. ಪೌಂಡಿನ ಮೇಲೆ ಒಂದು ಶಿಲ್ಲಿಂಗ್ ಜಾಸ್ತಿ, ಅಷ್ಟೇ. ಆದ್ರೆ ಕೇಳೋರು ಚೌಕಾಸಿಗೆ ಇಳಿಯಲ್ಲ.”

“ಇನ್ನೊಬ್ಬರು ಯಾರು ಬರ್ತಾರೆ ಮಾರಾಯ.”

ಅವನು ಕೆಲಸ ಬಿಡಲಿಲ್ಲ. ಇದೇ ಕೊನೆಯದಾದರೆ ಚೆನ್ನಾಗಿಯೇ ಆಗಲಿ ಎಂದು ಹಟಕ್ಕೆ ಬಿದ್ದವನಂತೆ ಮಾಡಿದ. ಮೋರಾಗ್‌ಳ ಕುತ್ತಿಗೆ, ತೋಳು, ಕೆನ್ನೆಯೆಲುಬು ಎಲ್ಲದರ ಅಳತೆಯನ್ನೂ ಅವಳು ಬಂದ ದಿನವೇ ತೆಗೆದಿಟ್ಟುಕೊಂಡಿದ್ದ. ಹಿಡಿಯಲ್ಲಿ ಮರದ ಎಳೆ ನೇರವಾಗಿ ಹಾಯುವಂತೆ, ಹೆಗಲಿಗೆ ಒತ್ತುವ ಹಿಂತುದಿಯಲ್ಲಿ ಅಂಗುಲದ ಕಾಲುಭಾಗ ಹೊರಕ್ಕೆ ಬಾಗುವಂತೆ ಕೆತ್ತಿದ. ಕ್ರಿಸ್ಮಸ್ಸಿಗೆ ನಾಲ್ಕು ದಿನ ಮೊದಲು ಗೂಡಿಗೆ ಒಂದೇ ಸಮ ಮಸಿ ಹತ್ತಿತು.

ಫೆಬ್ರವರಿ ಕೊನೆಯ ವಾರ, ರುಜು ಹಾಕುವ ಗಡುವಿಗೆ ಮೂರು ದಿನವಿರುವಾಗ, ಮೋರಾಗ್ ಕೋವಿ ಹಿಡಿದು ನೋಡಲು ಬಂದಳು. ಎಣ್ಣೆ ತಿಕ್ಕುವುದಷ್ಟೇ ಬಾಕಿ. ಅವಳಿಗೆ ಕಣ್ಣು ಮುಚ್ಚಿಕೊಂಡು ಹೆಗಲಿಗೇರಿಸಲು ಹೇಳಿದ. ಹಾಗೇ ಏರಿಸಿ, ಕೆನ್ನೆಯಿಟ್ಟು, ಕಣ್ಣು ಬಿಟ್ಟಳು. ಗುರಿಯ ಮೊನೆ ಎದುರುಮನೆಯ ಹೊಗೆಗೂಡಿನ ಮೇಲೆ ನೆಟ್ಟಗೆ ನಿಂತಿತ್ತು. ಅವಳು ಬಹಳ ಹೊತ್ತು ಇಳಿಸಲಿಲ್ಲ.

“ಇದು ನನ್ನ ಕೈಗೇ ಹುಟ್ಟಿದ ಹಾಗಿದೆ” ಎಂದಳು ಕೊನೆಗೆ. ಬೋಲ್ಟನ್ನು ಎರಡು ಸಲ ಎಳೆದು ದೂಡಿದಳು, ಮೂರನೆಯ ಸಲ ಬರೀ ಖುಷಿಗೆ. “ನಮ್ಮ ಆಚೆ ಬೆಟ್ಟದ ಫರ್ಗಸ್‌ಗೂ ಒಂದು ಬೇಕಂತೆ. ಕೇಳ್ಕೊಂಡು ಬಾ ಅಂದಿದಾನೆ. ಅವನಿಗೂ ಇದೇ ಬೆಲೆಗೆ ಮಾಡ್ತೀರಲ್ಲ?”

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಏಮಸನ ಕೈ ತಲೆಗೆ ಹೋಯಿತು. ಹೆಂಗಸರು ಬಂದಿದ್ದಾರೆಂದು ಟೋಪಿಯನ್ನು ಆಗಲೇ ಮೊಳೆಗೆ ಸಿಕ್ಕಿಸಿದ್ದ. ಬರಿಗೈಯನ್ನು ಬೆಂಚಿನ ಮೇಲಿಟ್ಟ.

“ಇಲ್ಲ” ಎಂದ. “ನಿಮ್ಮದು ಎಪ್ಪತ್ತೆಂಟು. ಅದು ಹೇಳಿಯಾಗಿದೆ. ಅದರಲ್ಲಿ ನನ್ನ ಕೆಲಸ ಸೇರಿಸೋಕೆ ಮರ್ತಿದ್ದೆ. ಅವರದಕ್ಕೆ ನೂರ ಇಪ್ಪತ್ತು.” ಮೊಳೆಯಲ್ಲಿದ್ದ ಟೋಪಿಯ ಕಡೆ ಒಮ್ಮೆ ನೋಡಿದ. “ಗಿನಿ.”

“ನಿಮ್ಮ ಕೆಲಸವನ್ನೇ ಮರ್ತಿದ್ರಾ?”

“ಹೌದು.”

“ಹಾಗಾದ್ರೆ ನನ್ನದಕ್ಕೂ ನೂರ ಇಪ್ಪತ್ತೇ ತಗೊಳ್ಳಿ.”

“ಅದಾಗಲ್ಲ. ನಿಮ್ಮಪ್ಪನಾಗಿದ್ರೆ ಹೇಳಿದ ಮಾತು ತಿರುಗಿಸ್ತಿದ್ರಾ?”

ಮೋರಾಗ್ ಕೋವಿಯನ್ನು ಕಂಬಳಿಯ ಮೇಲೆ ಮಲಗಿಸಿ, ಕೋಟಿನ ಒಳಜೇಬಿಗೆ ಕೈ ಹಾಕಿದಳು. “ಫರ್ಗಸ್ ಮಹಾ ಜುಗ್ಗ. ಲಂಡನ್ನಿನಲ್ಲಿ ನೂರೆಂಬತ್ತು ಕೇಳಿದ್ರು ಅಂತ ರೈಲು ಹತ್ತೋ ತನಕ ಬೈದಿದಾನೆ. ನೂರ ಇಪ್ಪತ್ತು ಅಂದ್ರೆ ನಿಮಗೆ ಮುತ್ತು ಕೊಟ್ಟಾನು, ಹುಷಾರು. ಇಗೋ, ಅವನು ಕೊಟ್ಟ ಮುಂಗಡ ನಲವತ್ತು. ಅವನ ಅಳತೆ ಈ ಚೀಟಿಯಲ್ಲಿದೆ. ಹೊಟ್ಟೆಯ ಅಳತೆ ಮಾತ್ರ ಸುಳ್ಳು ಬರ್ದಿದಾನೆ.”

ಅವಳು ಹೋದ ಮೇಲೆ ಫ್ಲೋರಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ನೂರ ಮೂವತ್ತು ಅನ್ನಬಹುದಿತ್ತು” ಎಂದಳು.

“ಅನ್ನೋಣ ಬಿಡು, ಮುಂದಿನವನಿಗೆ.”

ಶುಕ್ರವಾರ ಏಮಸ್ ನಗರಸಭೆಯ ಕಚೇರಿಗೆ ಹೋಗಿ, ಫರ್ಗಸನ ಮುಂಗಡದಲ್ಲಿ ಬಾಡಿಗೆ ಕಟ್ಟಿ ರುಜು ಹಾಕಿದ. ಕಿಟಕಿಯ ಬೆಳಕು ಚೆನ್ನಾಗಿರುವ ಕೋಣೆ. ಅರ್ಧ ಬಾಡಿಗೆ ನಾನು ಕೊಡುತ್ತೇನೆಂದು ಗ್ರೆಟನ್ ಕೆತ್ತನೆ ಸಾಮಾನಿನ ಸಮೇತ ಸೇರಿಕೊಂಡ. ಕಾರ್ಖಾನೆಯ ಕೆಲಸ ಬೇಡವೆಂದು ಫ್ಲೋರಿಯೇ ಹೋಗಿ ಅಣ್ಣನಿಗೆ ಹೇಳಿ ಬಂದಳು. ಬರುವಾಗ ತಲೆಯೆತ್ತಿಕೊಂಡು ಬಂದಳಂತೆ, ಮೂಲೆಮನೆಯ ಮುದುಕಿ ನೋಡಿದ್ದು.

ಮಾರ್ಚಿನ ಕೊನೆಯ ದಿನ ಬೆಳಿಗ್ಗೆ ಕೈಗಾಡಿ ಬಂತು. ಬೀದಿಯ ಆ ತುದಿಯಲ್ಲಿ ಆಗಲೇ ಗೋಡೆಗಳು ಬೀಳುತ್ತಿದ್ದವು, ಇಟ್ಟಿಗೆಯ ಧೂಳು ಗಾಳಿಯಲ್ಲಿತ್ತು. ಬೆಂಚು ಮಾತ್ರ ಹೊರಗೆ ಬರಲಿಲ್ಲ. ಏಮಸನ ಅಪ್ಪ ಅದನ್ನು ಕೋಣೆಯೊಳಗೇ ಕಟ್ಟಿದ್ದ, ಬಾಗಿಲಿಗಿಂತ ಒಂದು ಮೊಳ ಅಗಲ. ಗರಗಸ ತರಲೇ ಎಂದು ಗ್ರೆಟನ್ ಕೇಳಿದ.

“ಬೇಡ. ಅಲ್ಲಿ ಹೊಸದು ಕಟ್ಕೊಳ್ತೀನಿ. ಇದರ ಎತ್ತರ ನಮ್ಮಪ್ಪನಿಗೆ ಸರಿ, ನನಗೆ ಯಾವಾಗ್ಲೂ ಸೊಂಟ ನೋವು.”

ಹಾಸಿಗೆ, ಬಾಣಲೆ, ಗಡಿಯಾರ, ಮರ ಕಚ್ಚಿ ಹಿಡಿಯುವ ವೈಸು, ಉಳಿಗಳ ಪೆಟ್ಟಿಗೆ ಎಲ್ಲ ಗಾಡಿಗೇರಿದವು. ಫರ್ಗಸನಿಗೆಂದು ಆರಿಸಿಟ್ಟಿದ್ದ ದಿಮ್ಮಿಯನ್ನು ಗ್ರೆಟನ್ ಮಂಚದ ಕಾಲುಗಳ ನಡುವೆ ತುರುಕಲು ಹೋದಾಗ ಏಮಸ್ ತಡೆದ. ಅದನ್ನು ಫ್ಲೋರಿಯ ಶಾಲಿನಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡ.

“ನನ್ನ ಶಾಲು ಅದು” ಎಂದಳು ಫ್ಲೋರಿ.

“ಒಂದು ಮೈಲಿ ತಾನೇ.”

ಅವಳು ಬಾಗಿಲು ಎಳೆದುಕೊಂಡಳು. ಏಮಸ್ ಮೆಟ್ಟಿಲಿಳಿದು, ಹೆಗಲ ಮೇಲಿನ ಮರ ಗೋಡೆಗೆ ತಾಗದಂತೆ ಒಂದಿಷ್ಟು ವಾಲಿ, ಗಾಡಿಗಿಂತ ಮುಂದೆ ನಡೆದ.