ಪೈಲಟ್ಟಿನ ಸೀಟ್ ಬೆಲ್ಟು

ನಮ್ಮನೆಯವರಿಗೆ ಪ್ಲಾಸ್ಟಿಕ್ ವಿಮಾನ ಜೋಡಿಸುವ ಹುಚ್ಚು. ಬಿಡಿಬಿಡಿ ತುಂಡುಗಳನ್ನು ಅಂಟಿಸಿ, ಬಣ್ಣ ಹಚ್ಚಿ, ಕಪಾಟಿನಲ್ಲಿ ನಿಲ್ಲಿಸುವುದು. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ರೇಟು ಬಂತು ನೋಡಿ, ಮೂಡಿಗೆರೆ ಕಡೆಯ ಗಂಡಸರಿಗೆಲ್ಲ ಒಂದೊಂದು ಭೂತ ಹೊಕ್ಕಿತು. ಕೆಲವರು ಜೀಪು ಬದಲಾಯಿಸಿದರು, ಕೆಲವರು ಜಾತಿ ನಾಯಿ ತಂದರು. ಇವರು ವಿಮಾನ ಹಿಡಿದು ಕೂತರು. ನಿಜವಾದ ವಿಮಾನವನ್ನು ಹತ್ತಿರದಿಂದ ಕಂಡವರೂ ಅಲ್ಲ.

ಆಟಿಕೆ ತಾನೇ, ಆಡಿಕೊಳ್ಳಲಿ ಅಂತ ಬಿಡಬಹುದಿತ್ತು. ಆದರೆ ಡಬ್ಬಿಯಲ್ಲಿ ಬಂದದ್ದು ಇವರಿಗೆ ಸಾಲದು. ಡಬ್ಬಿಯಲ್ಲೇ ಪೈಲಟ್ಟಿಗೊಂದು ಕುರ್ಚಿ ಇರ್ತದೆ, ಅದು ಸರಿಯಿಲ್ಲವಂತೆ. ಬೇರೆ ಯಾರೋ ಬರೀ ಕುರ್ಚಿ ಮಾತ್ರ ಮಾಡಿ ಮಾರ್ತಾರಂತೆ, ಅದನ್ನು ಪರದೇಶದಿಂದ ತರಿಸುವುದು. ಆ ಕುರ್ಚಿಗೆ ಕೂದಲೆಳೆಯಂಥ ಹಿತ್ತಾಳೆ ಬೆಲ್ಟು, ಅದೂ ಇನ್ನೊಂದು ಕಡೆಯಿಂದ. ಆಮೇಲೆ ಬೊಂಬೆಗಳು. ಏಣಿ ಹಿಡಿದು ನಿಂತ ಮೆಕ್ಯಾನಿಕ್ಕು, ಕೂತ ಪೈಲಟ್ಟು, ಆ ಪೈಲಟ್ಟಿಗೆ ಬೇಕಾದಾಗ ಬದಲಾಯಿಸಲು ಬಿಡಿ ತಲೆಗಳು. ಬಿಡಿ ತಲೆ ಮಾರಾಯ್ರೆ! ತರಿಸಿದವರೇ ಒಂದು ಕೂರಿಸಿಕೊಳ್ಳಬಹುದಿತ್ತು.

ಇಷ್ಟೆಲ್ಲ ಮಾಡಿ ಮೇಲೆ ಗಾಜಿನಂಥ ಮುಚ್ಚಳ ಅಂಟಿಸಿದರೆ ಒಳಗಿನ ಬೆಲ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ಯಾಕೆ ಇದು ಅಂತ ಕೇಳಿದರೆ, ಒಳಗಿದೆ ಅಂತ ನನಗೆ ಗೊತ್ತಿರ್ತದಲ್ಲ ಅನ್ನುವರು. ಹೆಂಡತಿ ಒಳಗಿದ್ದಾಳೆ ಅನ್ನುವುದು ಊಟದ ಹೊತ್ತಿಗೆ ಮಾತ್ರ ಗೊತ್ತಾಗುತ್ತಿತ್ತು.

ನನ್ನ ಅಮ್ಮ ಕಳಸದವಳು. ಜೀವಮಾನವೆಲ್ಲ ಮಳೆಯ ಅಡಿಯಲ್ಲೇ ಕಳೆದವಳು. ಸಾಯುವುದರೊಳಗೆ ಒಂದು ಸಲ ವಿಮಾನದಲ್ಲಿ ಕೂತು ಮೋಡದ ಮೇಲ್ಬದಿ ಹೇಗಿರ್ತದೆ ಅಂತ ನೋಡಬೇಕು, ಅದೊಂದೇ ಅವಳ ಆಸೆ. ಹೊರನಾಡಿಗೆ ಹೋದಾಗ ದೇವಿಯ ಹತ್ತಿರವೂ ಅದನ್ನೇ ಕೇಳಿಕೊಂಡು ಬರುತ್ತಿದ್ದಳು. ಮಂಗಳೂರಿಂದ ಬೆಂಗಳೂರಿಗೆ ವಿಮಾನದಲ್ಲಿ ಕರ್ಕೊಂಡು ಹೋಗ್ತೇನೆ ಅಂತ ನಾನು ಮಾತು ಕೊಟ್ಟಿದ್ದೆ. ಅದಕ್ಕೆ ಇವರ ಮುಂದೆ ಕೈಯೊಡ್ಡುವ ಮನಸ್ಸಿರಲಿಲ್ಲ. ತೋಟದ ಹಳ್ಳದ ಬದಿಯ ಏಲಕ್ಕಿ ನನ್ನದು. ತವರಿಂದ ಅಮ್ಮ ಕೊಟ್ಟ ಸಸಿ ತಂದು ನಾನೇ ನೆಟ್ಟದ್ದು, ಅದರಲ್ಲಿ ಬಂದದ್ದು ನನಗೇ ಅಂತ ಮೊದಲಿಂದ ನಡೆದುಕೊಂಡು ಬಂದಿತ್ತು. ಆ ವರ್ಷ ಫಸಲು ಚೆನ್ನಾಗಿತ್ತು, ಇಬ್ಬರ ಟಿಕೆಟ್ಟಿಗೆ ಸಾಕಾಗುವಷ್ಟಿತ್ತು. ಮೇಲೆ ಚಳಿ ಇರ್ತದಂತೆ ಅಂತ ಅಮ್ಮ ಹೊಸ ಸ್ವೆಟರನ್ನೂ ತಗೊಂಡಳು.

ಏಲಕ್ಕಿ ಒಣಗಿಸುವುದಕ್ಕೆ ಮನೆ ಹಿಂದೆ ಒಂದು ಕೋಣೆ. ಹೊರಗೆ ಒಲೆ, ಒಳಗೆ ಬಿಸಿಯ ಕೊಳವೆ, ಅದರ ಮೇಲೆ ಏಲಕ್ಕಿ ಹರವಿದ ತಟ್ಟೆಗಳು. ಪಕ್ಕದಲ್ಲಿ ಏನಿಟ್ಟರೂ ಏಲಕ್ಕಿ ಅದರ ವಾಸನೆ ಎಳ್ಕೊಳ್ತದೆ ಅಂತ ಆ ಕೋಣೆಯ ಹತ್ತಿರ ನಾನು ಈರುಳ್ಳಿಯನ್ನೂ ಸುಳಿಯಗೊಡುತ್ತಿರಲಿಲ್ಲ.

ಇವರಿಗೆ ಭಾನುವಾರ ಕ್ಲಬ್ಬಿನಲ್ಲಿ ಹೊಸ ವಿಮಾನ ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಗಡಿಬಿಡಿ. ಹಿಡಿದ ಮಳೆ ಬಿಡದೆ ಪೇಂಟು ಒಣಗಲಿಲ್ಲ. ನಾನು ವಸ್ತಾರೆಗೆ ಒಂದು ನಾಮಕರಣಕ್ಕೆ ಹೋದ ದಿನ, ಈ ಮಹಾನುಭಾವರು ಹಸಿ ಪೇಂಟಿನ ವಿಮಾನವನ್ನು ತಂದು ಏಲಕ್ಕಿಯ ನಡುವೆ ಇಟ್ಟಿದ್ದಾರೆ. ಬ್ರಷ್ಷು ಅದ್ದಿದ ಥಿನ್ನರಿನ ಬಟ್ಟಲನ್ನೂ ಅಲ್ಲೇ ಬಿಟ್ಟಿದ್ದಾರೆ. ಬೇಗ ಒಣಗಲಿ ಅಂತ ಒಲೆಗೆ ಇನ್ನಷ್ಟು ಸೌದೆ ಬೇರೆ. ಮನೆಗೆ ಬೆಂಕಿ ಬೀಳದೆ ಇದ್ದದ್ದು ಪುಣ್ಯ.

ಸಂಜೆ ಬಂದು ಬಾಗಿಲು ತೆಗೆದರೆ ಹೊಸದಾಗಿ ಬಣ್ಣ ಹೊಡೆದ ಕಿಟಕಿಯ ವಾಸನೆ. ವಿಮಾನದ ರೆಕ್ಕೆಗಳು ಬಾಡಿದ ಬಾಳೆಲೆಯ ಹಾಗೆ ಜೋತುಬಿದ್ದಿದ್ದವು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಅಂತಾರಲ್ಲ, ಅದೇ. ನಾನು ತಟ್ಟೆಯಿಂದ ತಟ್ಟೆಗೆ ಏಲಕ್ಕಿ ಮೂಸುತ್ತಾ ಅಳುತ್ತಿದ್ದರೆ, ಇವರು ವಿಮಾನವನ್ನು ಬೆಳಕಿಗೆ ಹಿಡಿದು, ಲೆನ್ಸಿನಲ್ಲಿ ಇಣುಕಿ ನೋಡಿದರು.

"ಪೈಲಟ್ಟಿಗೆ ಏನೂ ಆಗಿಲ್ಲ" ಅಂದರು.

ಆ ಬೊಂಬೆಯದು ಬೇರೆ ಜಾತಿಯ ಪ್ಲಾಸ್ಟಿಕ್ಕಂತೆ, ಬಿಸಿಗೆ ಬಗ್ಗುವುದಿಲ್ಲವಂತೆ. ಮೂಡಿಗೆರೆಯ ಏಲಕ್ಕಿ ವ್ಯಾಪಾರಿ ಒಂದು ಕಾಯಿ ಬಿಡಿಸಿ ಮೂಸಿ, ಮುಖ ಕಿವುಚಿ, ಚೀಲದ ಬಾಯಿ ಕಟ್ಟಿ ವಾಪಸ್ಸು ಕೊಟ್ಟ. ಇದನ್ನು ಪಾಯಸಕ್ಕೆ ಹಾಕಿದರೆ ಜನ ನನಗೆ ಹೊಡೀತಾರಮ್ಮ ಅಂದ. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದೆ.

ದೀಪಾವಳಿಗೆ ಅಮ್ಮ ಬಂದಳು. ಅದೇ ಅವಳು ಬಂದ ಕಡೆಯ ಸಲ. ಮುಂದಿನ ಫಸಲಿಗೆ ಅವಳಿರಲಿಲ್ಲ. ಈ ಸಲ ಆಗುವುದಿಲ್ಲ ಅಂತ ನಾನು ಹೇಳಿದ್ದಕ್ಕೆ, ಹೋಗ್ಲಿ ಬಿಡು, ವಿಮಾನ ಎಲ್ಲಿ ಓಡಿಹೋಗ್ತದೆ ಅಂದಳು. ಸ್ವೆಟರು ಹಾಕಿಕೊಂಡೇ ಬಂದಿದ್ದಳು. ಅಷ್ಟರಲ್ಲಿ ಇವರ ಇನ್ನೊಂದು ವಿಮಾನ ಮುಕ್ಕಾಲು ತಯಾರಾಗಿತ್ತು. ಅತ್ತೆಗೆ ಖುಷಿಯಾಗಲಿ ಅಂತ ಎತ್ತಿಕೊಂಡು ಬಂದು, ಮುಚ್ಚಳ ಅಂಟಿಸುವ ಮೊದಲೇ ನೋಡಿ ಅಂತ ಅವಳ ಕೈಗೆ ಲೆನ್ಸು ಕೊಟ್ಟು, ಸೂಜಿಯ ತುದಿಯಲ್ಲಿ ಒಂದೊಂದಾಗಿ ತೋರಿಸಿದರು. ಇದು ಕುರ್ಚಿ, ಇದು ಬೆಲ್ಟು. ಅಮ್ಮ ತುಂಬ ಹೊತ್ತು ನೋಡಿದಳು.

"ಇದ್ರಲ್ಲಿ ನಾನು ಎಲ್ಲಿ ಕೂರೋದು?" ಅಂತ ಕೇಳಿದಳು.

ಇವರು ಸೂಜಿಯನ್ನು ಕೆಳಗಿಟ್ಟು, ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು: "ಇದು ಒಬ್ರೇ ಕೂರೋ ವಿಮಾನ, ಅತ್ತೆ."